ಲಂಡನ್ನಿನಿಂದ ಕರಾಚಿಗೆ ಮೂರು ದಿನ ಚಿಲ್ಲರೆ

ನಮ್ಮ ದೊಡ್ಡಪ್ಪನಿಗೆ ಲಂಡನ್ನಿನಿಂದ ಕರಾಚಿಗೆ ವಿಮಾನದಲ್ಲಿ ಎಷ್ಟು ಹೊತ್ತು ಅಂತ ಗೊತ್ತಿತ್ತು. ಕರಾಚಿಯಿಂದ ಮದ್ರಾಸಿಗೆ ಎಷ್ಟು, ನಡುವೆ ಎಲ್ಲೆಲ್ಲಿ ಇಳಿಯುತ್ತೆ, ಇಳಿದರೆ ಎಷ್ಟು ಹೊತ್ತು ನಿಲ್ಲುತ್ತೆ, ಎಲ್ಲ ನಾಲಿಗೆ ತುದಿಯಲ್ಲಿತ್ತು. ಶ್ರೀನಿವಾಸಪುರದಿಂದ ಕೋಲಾರಕ್ಕೆ ಎಷ್ಟು ಹೊತ್ತು ಅನ್ನೋದೊಂದು ಗೊತ್ತಿರಲಿಲ್ಲ. ಅದೊಂದು ಗೊತ್ತಿಲ್ಲದೆ ಹೋದದ್ದಕ್ಕೆ ದಂಡ ತೆತ್ತವಳು ನಾನು. ಇಷ್ಟು ವರ್ಷ ಆದರೂ ನೆನೆಸಿಕೊಂಡರೆ ಮೈಯೆಲ್ಲ ಉರಿಯುತ್ತೆ.

ದೊಡ್ಡಪ್ಪ ಕಂದಾಯ ಇಲಾಖೆಯಲ್ಲಿ ಶೇಕ್ದಾರರಾಗಿದ್ದು ನಿವೃತ್ತಿಯಾದವರು. ಅವರು ಕಂಡ ಅತಿ ದೂರದ ಊರು ಮಾಲೂರು. ಅಲ್ಲಿ ಕೆಲಸದಲ್ಲಿದ್ದಾಗ ಸಾಯಂಕಾಲ ಸ್ಟೇಷನ್ನಿಗೆ ಹೋಗಿ ನಿಂತು, ಮದ್ರಾಸಿನ ಕಡೆ ಹೋಗುವ ರೈಲನ್ನು ಕಣ್ಣು ತುಂಬ ನೋಡಿ ಮನೆಗೆ ಬರುತ್ತಿದ್ದರಂತೆ. ಹತ್ತುವ ಧೈರ್ಯ ಒಂದು ದಿನವೂ ಬರಲಿಲ್ಲ. ಆ ಹತ್ತದ ಆಸೆಯನ್ನೆಲ್ಲ ಸೇರಿಸಿ, ನಿವೃತ್ತಿಯಾದ ಮೇಲೆ ವಿಮಾನದ ಮೇಲೆ ಕೂರಿಸಿದರು. ನಡುಮನೆಯ ಗೋಡೆಗೆ ಪ್ರಪಂಚದ ಭೂಪಟ ಬಂತು. ಯಾವುದೋ ಶಾಲೆಯವರು ಬೇಡವೆಂದು ಬಿಟ್ಟದ್ದು, ಆಫ್ರಿಕಾದ ಅರ್ಧ ಜಿರಲೆ ತಿಂದಿತ್ತು. ಅಮ್ಮನ ಹೊಲಿಗೆ ಡಬ್ಬಿಯಿಂದ ಕೆಂಪು ದಾರ ಹೊರಗೆ ಬಂತು. ಆ ದಾರವನ್ನು ಲಂಡನ್ನಿನ ಮೇಲೆ ಒಂದು ಬೆರಳು, ಕರಾಚಿಯ ಮೇಲೆ ಒಂದು ಬೆರಳು ಇಟ್ಟು ಎಳೆದು ಹಿಡಿದು, ಆಮೇಲೆ ಅಡಿಕೋಲಿನ ಮೇಲೆ ಇಟ್ಟು ಅಳೆದು, ಮೈಲಿ ಲೆಕ್ಕ ಹಾಕಿ, ವಿಮಾನದ ವೇಗದಿಂದ ಭಾಗಿಸಿ, ಗಂಟೆ ಹೇಳುತ್ತಿದ್ದರು. ಅಮ್ಮನ ರವಿಕೆಗೆ ಗುಂಡಿ ಹೊಲಿಯೋಕೆ ದಾರ ಇರುತ್ತಿರಲಿಲ್ಲ.

ಗುರುವಾರ ಬಂತೆಂದರೆ ಮನೆ ಜಗಲಿಯ ಮೇಲೆ ದರ್ಬಾರು. ವಾರಪತ್ರಿಕೆ ಆವತ್ತು ರೈಲಿನಲ್ಲಿ ಬರುತ್ತಿತ್ತು. ಶಾಲೆಯ ಮೇಷ್ಟ್ರು, ಶಾನುಭೋಗರು, ಬೀದಿಯ ಕೊನೆಯ ಮಾವಿನ ಮಂಡಿ ಸಾಹೇಬರು, ಇವರು ಮೂವರೂ ಕಾಯಂ. ಒಳಗಿಂದ ಲೋಟಲೋಟ ಕಾಫಿ ಹೋಗಬೇಕು. ದೊಡ್ಡಪ್ಪ ಪತ್ರಿಕೆ ಬಿಡಿಸಿ, ವಿಮಾನದ ಸುದ್ದಿ ಎಲ್ಲಿದೆ ಅಂತ ಹುಡುಕಿ, ಅದು ಇಲ್ಲದಿದ್ದರೆ ಇದೆ ಅಂತಲೇ ಓದಿ, "ಏನ್ರೀ ಮೇಷ್ಟ್ರೇ, ಒಬ್ಬ ಮನುಷ್ಯ ಸೋಮವಾರ ಲಂಡನ್ನಿನಲ್ಲಿ ತಿಂಡಿ ತಿಂದ ಅಂತಿಟ್ಕೊಳ್ಳಿ..." ಅಂತ ಶುರು ಮಾಡುತ್ತಿದ್ದರು. ಆ ಮನುಷ್ಯ ಗುರುವಾರ ಕರಾಚಿಯಲ್ಲಿ ಇರುತ್ತಿದ್ದ. ಎಷ್ಟು ವಾರ ಹೇಳಿದರೂ ಅವನೇ ಹೊರಡಬೇಕು, ಅವನೇ ಇಳಿಯಬೇಕು. ಯುದ್ಧ ಶುರುವಾಗಿ ವಿಮಾನಗಳೆಲ್ಲ ಬಾಂಬು ಹಾಕೋಕೆ ಹೋದ ಮೇಲೂ ದೊಡ್ಡಪ್ಪನ ಮನುಷ್ಯ ಮಾತ್ರ ತಿಂಡಿ ತಿಂದು ಹೊರಡೋದು ನಿಲ್ಲಿಸಲಿಲ್ಲ.

ಒಂದು ಸಲ ನಮ್ಮ ಕೆರೆಯ ಮೇಲೆ ನಿಜವಾದ ವಿಮಾನವೇ ಹಾರಿ ಹೋಯಿತು. ಊರೆಲ್ಲ ಏರಿಯ ಮೇಲೆ. ದೊಡ್ಡಪ್ಪ ಕೈ ಅಡ್ಡ ಹಿಡಿದು ನೋಡಿ, "ಕರಾಚಿ ಟಪ್ಪಾಲು, ಮದ್ರಾಸಿಗೆ ಹೋಗ್ತಾ ಇದೆ" ಅಂದರು. "ಪಡುವಲಿಗೆ ಹೋಗ್ತಾ ಐತಲ್ಲ ಸ್ವಾಮಿ, ಮದ್ರಾಸು ಮೂಡಲಿಗಲ್ವಾ?" ಅಂದ ಒಬ್ಬ ರೈತ. "ಮುಂದೆ ಹೋಗಿ ತಿರುಗಿಕೊಳ್ತದೆ" ಅಂದರು ದೊಡ್ಡಪ್ಪ. ಹಾಗಿತ್ತು ಅವರ ಜ್ಞಾನ!

ಈಗ ನನ್ನ ಸಂಗತಿ. ಅಪ್ಪ ನಾನು ಆರು ವರ್ಷದವಳಿದ್ದಾಗಲೇ ತೀರಿಕೊಂಡರು. ಅಮ್ಮ ದೊಡ್ಡಪ್ಪನ ಅಡುಗೆಮನೆಯಲ್ಲಿ ಹೊಗೆ ಕುಡಿಯುತ್ತ ನನ್ನನ್ನು ಓದಿಸಿದಳು. ಕೆಳ ದರ್ಜೆಯ ಪರೀಕ್ಷೆ ಪಾಸು ಮಾಡಿದೆ. ಹೆಣ್ಣುಮಕ್ಕಳನ್ನು ಉಪಾಧ್ಯಾಯಿನಿಯರನ್ನಾಗಿ ತಯಾರು ಮಾಡುವ ಟ್ರೈನಿಂಗ್ ಶಾಲೆಗೆ ಆಯ್ಕೆ ಪರೀಕ್ಷೆ ಕೋಲಾರದಲ್ಲಿ ಇತ್ತು. ಅದರಲ್ಲಿ ಗೆದ್ದರೆ ಊಟ, ವಸತಿ, ಆಮೇಲೆ ಕೆಲಸ. ಸೋತರೆ ಮುಳಬಾಗಿಲಿನಲ್ಲಿ ಒಂದು ಗಂಡು ನೋಡಿಟ್ಟಿದ್ದರು ದೊಡ್ಡಪ್ಪ, ಶ್ರಾವಣದಲ್ಲಿ ಮದುವೆ. ಮುಂದಿನ ವರ್ಷ ಕೂರೋಣ ಅಂದರೆ ವಯಸ್ಸು ಮೀರುತ್ತಿತ್ತು. "ನನ್ನ ಹಾಗೆ ನೀನೂ ಯಾರದೋ ಒಲೆ ಮುಂದೆ ಕೂರಬೇಡ ಕಣೇ, ನಿನ್ನ ಸ್ವಂತ ಒಲೆ ಆಗಲಿ" ಅಂತ ಅಮ್ಮ ರಾತ್ರಿ ಹಗಲು ಅದೊಂದೇ ಮಾತು. ಯಾಕೆ ಸುಳ್ಳು ಹೇಳಲಿ, ನನಗೂ ಅದೊಂದೇ ಕನಸು. ಕೈಯಲ್ಲಿ ಸೀಮೆಸುಣ್ಣ ಹಿಡಿದುಕೊಂಡು ಖಾಲಿ ಗೋಡೆಗೆ ಪಾಠ ಹೇಳುತ್ತಿದ್ದೆ.

ಪರೀಕ್ಷೆ ಜೂನ್ ತಿಂಗಳ ಒಂದು ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ. ಗುರುವಾರವೇ ಹೋಗಿ ರಾತ್ರಿ ಉಳಿದು ಪರೀಕ್ಷೆಗೆ ಕೂರೋದು ಬುದ್ಧಿ ಇರುವವರು ಮಾಡೋ ಕೆಲಸ. ಅಮ್ಮ ಬಾಗಿಲ ಹಿಂದೆ ನಿಂತು ಹಾಗೇ ಹೇಳಿದಳು. ದೊಡ್ಡಪ್ಪ ಪಂಚಾಂಗ ತೆಗೆದರು. ನೋಡಿ, ಇದು ತಮಾಷೆ. ಲಂಡನ್ನು ಕರಾಚಿ ಎಲ್ಲ ಒಂದು ಕಡೆ, ಪಂಚಾಂಗ ಇನ್ನೊಂದು ಕಡೆ, ಎರಡೂ ಒಂದೇ ತಲೆಯಲ್ಲಿ ಜಗಳವಿಲ್ಲದೆ ಸಂಸಾರ ಮಾಡಿಕೊಂಡಿದ್ದವು.

"ಗುರುವಾರ ದಕ್ಷಿಣಕ್ಕೆ ಶೂಲೆ, ಆ ದಿಕ್ಕಿಗೆ ಕಾಲಿಡಬಾರದು. ಕೋಲಾರ ದಕ್ಷಿಣಕ್ಕೆ. ಆಗೋದಿಲ್ಲ" ಅಂದರು.

"ಹಾಗಾದರೆ ಶುಕ್ರವಾರ ಮನೆ ಹೆಣ್ಣುಮಗಳನ್ನ ಹೊಸ್ತಿಲು ದಾಟಿಸಬಾರದಲ್ಲ ಭಾವ, ಅದಕ್ಕೇನು ಮಾಡೋದು?" ಅಂದಳು ಅಮ್ಮ.

"ಅದಕ್ಕೆ ಪ್ರಸ್ಥಾನ ಇಡೋಣ."

ಪ್ರಸ್ಥಾನ ಅಂದರೆ ಗೊತ್ತಲ್ಲ? ಹೊರಡೋ ದಿನ ಸರಿಯಿಲ್ಲದಿದ್ದರೆ, ಒಳ್ಳೆ ದಿನ ಒಳ್ಳೆ ಗಳಿಗೆಯಲ್ಲಿ ಒಂದು ಗಂಟು ಕಟ್ಟಿ, ಹೋಗುವ ದಿಕ್ಕಿನ ಒಂದು ಮನೆಯಲ್ಲಿ ಇಡೋದು. ಗಂಟು ಹೊರಟರೆ ಮನುಷ್ಯ ಹೊರಟ ಹಾಗೆ. ಆಮೇಲೆ ಯಾವ ದಿನ ಬೇಕಾದರೂ ಹೋಗಿ, ದಾರಿಯಲ್ಲಿ ಗಂಟು ಎತ್ತಿಕೊಂಡರೆ ಆಯಿತು, ದೋಷ ಇಲ್ಲ. "ಬುಧವಾರವೇ ಗಂಟು ಇಟ್ಟರೆ, ಗುರುವಾರವೇ ಹೋಗಬಹುದಲ್ಲ?" ಅಂದಳು ಅಮ್ಮ. ಎಷ್ಟು ಸರಿಯಾದ ಮಾತು! ಶುಕ್ರವಾರದ ದೋಷ ಕಳೆಯುವ ಗಂಟು ಗುರುವಾರದ ದೋಷವನ್ನು ಯಾಕೆ ಕಳೆಯೋದಿಲ್ಲ? ದೊಡ್ಡಪ್ಪ ಪಂಚಾಂಗ ಮಡಚಿಟ್ಟು, "ಹೆಂಗಸರಿಗೆ ಶಾಸ್ತ್ರ ತಿಳಿಯೋದಿಲ್ಲ" ಅಂದುಬಿಟ್ಟರು. ನನ್ನನ್ನು ಕರೆದುಕೊಂಡು ಹೋಗಬೇಕಾದ ಗಂಡಸು ಅವರೊಬ್ಬರೇ. ಗುರುವಾರ ಸಂಜೆ ಜಗಲಿಯ ದರ್ಬಾರು. ಅದನ್ನು ಬಿಟ್ಟು ಅವರು ಕೋಲಾರದಲ್ಲಿ ಇರೋದುಂಟೇ? ಶೂಲೆ ಇದ್ದದ್ದು ದಕ್ಷಿಣದಲ್ಲಲ್ಲ, ಜಗಲಿಯ ಮೇಲೆ. ಅಮ್ಮನಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು.

"ಶುಕ್ರವಾರ ಬೆಳಿಗ್ಗೆ ಹೊರಟರೆ ಹೊತ್ತಾಗಲ್ವಾ ಭಾವ?" ಅಂತ ಅಮ್ಮ ಇನ್ನೊಂದು ಸಲ ಕೇಳಿದಳು.

ದೊಡ್ಡಪ್ಪ ನನ್ನ ಭೂಗೋಳದ ಪುಸ್ತಕ ತರಿಸಿ, ಮೈಸೂರು ಸೀಮೆಯ ಪಟ ತೆಗೆದು, ಅದೇ ಕೆಂಪು ದಾರ ಹಿಡಿದರು. ಶ್ರೀನಿವಾಸಪುರದ ಚುಕ್ಕಿ ಮೇಲೆ ಒಂದು ಉಗುರು, ಕೋಲಾರದ ಚುಕ್ಕಿ ಮೇಲೆ ಒಂದು ಉಗುರು. ನಡುವೆ ದಾರವೇ ಇರಲಿಲ್ಲ ಅನ್ನಬೇಕು. "ನೋಡು, ಉಗುರಿನಷ್ಟಿಲ್ಲ! ಬಸ್ಸು ಏಳು ಗಂಟೆಗೆ, ಅದು ತಪ್ಪಿದರೆ ಎಂಟಕ್ಕೆ ರೈಲು. ರೈಲು ಎಷ್ಟೇ ನಿಧಾನ ಅಂದರೂ ಮುಕ್ಕಾಲು ಗಂಟೆ. ಹತ್ತಕ್ಕೆ ಮುಂಚೆ ನಿನ್ನ ಮಗಳು ಅಲ್ಲಿ ಕೂತು ಆಕಳಿಸ್ತಾ ಇರ್ತಾಳೆ."

ನಮ್ಮ ರೈಲನ್ನು ಬಲ್ಲವರಿಗೆ ಇದು ಎಂಥ ಮಾತು ಅಂತ ಗೊತ್ತಾಗುತ್ತೆ. ಕಿರು ಹಳಿಯ ಪುಟ್ಟ ರೈಲು ಅದು. ಒಂದೊಂದು ಕೆರೆಯನ್ನೂ ಸುತ್ತಿ ಮಾತಾಡಿಸಿಕೊಂಡು, ಒಂದೊಂದು ತೋಪಿನ ಮುಂದೆಯೂ ಉಸಿರು ತಗೊಂಡು ಹೋಗುತ್ತಿತ್ತು. ಏರು ಬಂದರೆ ಜನ ಇಳಿದು ಪಕ್ಕದಲ್ಲಿ ನಡೆದು, ಮುಂದೆ ಹೋಗಿ ಬೀಡಿ ಸೇದುತ್ತ ಕಾಯುತ್ತಿದ್ದರು. ದಾರ ನೆಟ್ಟಗೆ ಹೋಗುತ್ತೆ, ರೈಲು ಹೋಗುತ್ತಾ? ವಿಮಾನದ ಲೆಕ್ಕವನ್ನು ಅದಕ್ಕೆ ಹಾಕೋ ತಲೆ ನಮ್ಮ ಸೀಮೆಯಲ್ಲಿ ಒಂದೇ ಇತ್ತು, ಅದರ ಕೆಳಗೆ ನಾವು ಬದುಕಬೇಕಾಗಿತ್ತು.

ಬುಧವಾರ ಸಂಜೆ ಗಳಿಗೆ ನೋಡಿ ಗಂಟು ಕಟ್ಟಿದರು. ಅಕ್ಕಿ, ಅರಿಶಿನದ ಕೊಂಬು, ಎಲೆ ಅಡಿಕೆ. "ಪ್ರಯಾಣಕ್ಕೆ ಮುಖ್ಯವಾದ ವಸ್ತು ಗಂಟಿನಲ್ಲಿ ಇದ್ದರೇ ಅದು ಪೂರ್ತಿ ಪ್ರಸ್ಥಾನ" ಅಂತ ನನ್ನ ಪೆನ್ನು, ಮಸಿ ಕುಡಿಕೆ, ಪರೀಕ್ಷೆಗೆ ಕರೆದಿದ್ದ ಕಾಗದ, ಒಗೆದು ಮಡಿಸಿಟ್ಟಿದ್ದ ದಾವಣಿ, ಎಲ್ಲವನ್ನೂ ಅದಕ್ಕೇ ಸೇರಿಸಿದರು. ನಮ್ಮ ಬೀದಿಯಲ್ಲಿ ದಕ್ಷಿಣದ ಕೊನೇ ಮನೆ ಸಾಹೇಬರದು. ಮೂರು ತಲೆಮಾರಿನ ಬಳಕೆ. ನಾನು ಅವರ ಹೆಂಡತಿಯನ್ನ ಅವರ ಮಾತಿನಲ್ಲೇ ಖಾಲಾ, ಚಿಕ್ಕಮ್ಮ, ಅಂತ ಕರೀತಿದ್ದೆ. ಅವರು ಗಂಟನ್ನು ಎರಡೂ ಕೈಯಲ್ಲಿ ತಗೊಂಡು ಎತ್ತರದ ಗೂಡಿನಲ್ಲಿ ಇಟ್ಟರು.

ಸಾಹೇಬರು ಆಗಲೇ ಒಂದು ಮಾತು ಹೇಳಿದರು. "ಶೇಕ್ದಾರ್ರೇ, ನಾಳೆ ಸಂಜೆ ನಮ್ಮ ಮಾವಿನ ಗಾಡಿಗಳು ಕೋಲಾರದ ಮಂಡಿಗೆ ಹೊರಡ್ತವೆ. ಬೆಳಕು ಹರಿಯೋದ್ರೊಳಗೆ ಮುಟ್ತವೆ. ನಮ್ಮ ಮನೆಯವರೂ ತವರಿಗೆ ಹೋಗ್ತಾ ಇದಾರೆ. ಬೇಟೀನ ಜೊತೇಲಿ ಕಳಿಸಿ. ಹುಲ್ಲು ಹಾಸಿ ಮಲಗಿಸ್ಕೊಂಡು ಹೋಗ್ತಾರೆ."

ದೊಡ್ಡಪ್ಪ ನಕ್ಕರು ನೋಡಿ, ಆ ನಗು ಇನ್ನೂ ನನ್ನ ಕಿವಿಯಲ್ಲಿದೆ. "ಎತ್ತಿನ ಗಾಡಿ! ಸಾಹೇಬರೇ, ಲಂಡನ್ನಿನಿಂದ ಕರಾಚಿಗೆ ಮೂರು ದಿನ ಚಿಲ್ಲರೆಯಲ್ಲಿ ಬರೋ ಕಾಲದಲ್ಲಿ ನಮ್ಮ ಹುಡುಗಿ ಎತ್ತಿನ ಬಾಲ ಹಿಡಿದುಕೊಂಡು ಹೋಗಬೇಕಾ?"

ಶುಕ್ರವಾರ ಇನ್ನೂ ಆರು ಹೊಡೆಯುವ ಮುಂಚೆ ಅಮ್ಮ ನನ್ನ ಹಣೆಗೆ ಕುಂಕುಮವಿಟ್ಟು, ಮೊಸರನ್ನ ತಿನ್ನಿಸಿ ಕಳಿಸಿದಳು. ಗಂಟು ಎತ್ತಿಕೊಂಡು ಬಸ್ಸು ಹತ್ತೋದು ಅಂತ ಸಾಹೇಬರ ಮನೆಗೆ ಹೋದರೆ, ಗೂಡು ಖಾಲಿ.

"ನಮ್ಮ ಮನೆಯವರು ನಿನ್ನೆ ಗಾಡೀಲಿ ತಗೊಂಡು ಹೋದ್ರು" ಅಂದರು ಸಾಹೇಬರು. "ಪರೀಕ್ಷೆ ಕಾಗದ ಅದರಲ್ಲೇ ಐತೆ, ಬೇಟಿ ಆತುರದಲ್ಲಿ ಬರ್ತಾಳೆ, ನಾನೇ ಸ್ಕೂಲ್ ಬಾಗಿಲಲ್ಲಿ ಕೊಡ್ತೀನಿ ಅಂದ್ರು. ಗಂಟು ಮುಂದಕ್ಕೆ ಹೋಗ್ಬೇಕು ಅಂತಾನೇ ಅಲ್ವಾ ಇಡೋದು?"

ಎಂಥ ಒಳ್ಳೆ ಮನಸ್ಸು! ಬಸ್ಸು ಬರೋಕೆ ಇನ್ನೂ ಹೊತ್ತಿತ್ತು, ಬರಿಗೈಯಲ್ಲಿ ಹೋಗಿ ಹತ್ತಿದ್ದರೆ ಮುಗಿದಿತ್ತು. ಆದರೆ ದೊಡ್ಡಪ್ಪನ ಮುಖ ಬಿಳಿಚಿಕೊಂಡಿತು.

"ಗಂಟು ಗುರುವಾರ ದಕ್ಷಿಣಕ್ಕೆ ಹೋಯ್ತಾ?"

"ಹೂಂ."

"ಗಂಟು ಹೋದರೆ ಹುಡುಗಿ ಹೋದ ಹಾಗೆ. ಅಯ್ಯೋ, ಹಾಗಾದರೆ ಇವಳು ಶೂಲೆಯಲ್ಲಿ ಪ್ರಯಾಣ ಮಾಡಿದ ಹಾಗಾಯ್ತಲ್ರೀ!"

ನಾನು ಅವರ ಎದುರಿಗೇ ನಿಂತಿದ್ದೆ, ಶ್ರೀನಿವಾಸಪುರದ ಮಣ್ಣಿನ ಮೇಲೆ, ಎರಡು ಕಾಲೂ ಊರಿಕೊಂಡು. "ನಾನು ಇಲ್ಲೇ ಇದೀನಿ ದೊಡ್ಡಪ್ಪ" ಅಂದೆ. "ನೀನು ಸುಮ್ನಿರೇ" ಅಂದರು. ಪುರೋಹಿತರನ್ನು ಕೇಳದೆ ಹೆಜ್ಜೆ ಇಡೋ ಹಾಗಿಲ್ಲ ಅಂತ ದೇವಸ್ಥಾನದ ಬೀದಿಗೆ ಎಳೆದುಕೊಂಡು ಹೋದರು. ಪುರೋಹಿತರು ಸ್ನಾನಕ್ಕೆ ಕೂತಿದ್ದರು. ಸ್ನಾನ ಆಯಿತು, ಸಂಧ್ಯಾವಂದನೆ ಆಯಿತು. ಅವರ ಅಂಗಳದಲ್ಲಿ ನಿಂತಿದ್ದ ಹಾಗೇ, ದೊಡ್ಡ ರಸ್ತೆಯಲ್ಲಿ, ಪೆಟ್ರೋಲು ಸಿಗದ ಆ ಕಾಲದ ಇದ್ದಿಲಿನ ಬಸ್ಸು ಕೆಮ್ಮುತ್ತ ಹೋದ ಸದ್ದು ಕೇಳಿಸಿತು. ನಾನು ಗಟ್ಟಿಯಾಗಿ ಅತ್ತುಬಿಟ್ಟೆ. ಪುರೋಹಿತರು ಬಂದು ವಿಷಯ ಕೇಳಿ, "ಒಂದು ತೆಂಗಿನಕಾಯಿ ಇಟ್ಟು ಹೋಗಿ ಸ್ವಾಮಿ, ಏನೂ ಆಗಲ್ಲ" ಅಂದರು. ಅಷ್ಟೇ! ಇದಕ್ಕೆ ಒಂದು ಬಸ್ಸು ಹೋಯಿತು.

"ಅಳ್ತೀಯಾಕೆ? ರೈಲಿದೆಯಲ್ಲ. ಉಗುರಿನಷ್ಟು ದೂರ" ಅಂದರು ದೊಡ್ಡಪ್ಪ.

ಎಂಟಕ್ಕೆ ಬರಬೇಕಾದ ರೈಲು ಎಂಟೂವರೆಗೆ ಬಂತು. ಅದು ಅದರ ಪದ್ಧತಿ, ಊರಿನ ಮಕ್ಕಳಿಗೂ ಗೊತ್ತು. ಮಾವಿನ ಸುಗ್ಗಿ, ನಿಂತ ಕಡೆಯೆಲ್ಲ ಬುಟ್ಟಿ ಏರಿಸಿದರು. ದೊಡ್ಡಪ್ಪನಿಗೆ ಡಬ್ಬಿಯಲ್ಲಿ ಹೊಸ ಸಭೆ ಸಿಕ್ಕಿತ್ತು, ಇನ್ನೇನು ಬೇಕು! ರೇಷ್ಮೆಗೂಡಿನ ಚೀಲ ಇಟ್ಟುಕೊಂಡಿದ್ದ ಸುಗಟೂರಿನ ಒಬ್ಬ ರೈತನಿಗೆ ಲಂಡನ್ನಿನ ಮನುಷ್ಯ ತಿಂಡಿ ತಿಂದದ್ದು ಹೇಳೋಕೆ ಶುರು ಮಾಡಿದರು. ರೈಲು ಒಂದು ಏರಿನಲ್ಲಿ ನಿಂತೇ ಹೋಗಿತ್ತು. "ತಾವು ಎಲ್ಲಿಗೆ ಹೊಂಟ್ರಿ ಸ್ವಾಮಿ?" ಅಂದ ರೈತ. "ಕೋಲಾರಕ್ಕೆ" ಅಂದರು. "ವಿಮಾನಕ್ಕಿಂತ ಮುಂಚೆ ಹೋಗ್ಬೇಕಾ, ಆಮೇಲಾ?" ಅಂದ. ದೊಡ್ಡಪ್ಪನಿಗೆ ಅದು ತಮಾಷೆ ಅಂತಲೂ ಹೊಳೆಯಲಿಲ್ಲ, ನಕ್ಷೆ ಬರೆಯೋಕೆ ಸೀಸದ ಕಡ್ಡಿ ಹುಡುಕುತ್ತಿದ್ದರು.

ನಾನು ಕಿಟಕಿಗೆ ಹಣೆ ಒತ್ತಿಕೊಂಡು ಕೂತಿದ್ದೆ. ಹಳಿಯ ಪಕ್ಕದ ರಸ್ತೆಯಲ್ಲಿ ಎದುರಿಗೆ ಸಾಲುಗಾಡಿಗಳು ಬಂದವು. ಸಾಹೇಬರ ಗಾಡಿಗಳು. ಕೋಲಾರ ಮುಟ್ಟಿ, ಮಾವು ಇಳಿಸಿ, ಎತ್ತಿಗೆ ನೀರು ಕುಡಿಸಿ, ಖಾಲಿಯಾಗಿ ವಾಪಸು ಬರುತ್ತಿದ್ದವು. ಮುಂದಿನ ಗಾಡಿಯವನು ನನ್ನನ್ನು ಗುರುತು ಹಿಡಿದು ನಗುತ್ತ ಕೈ ಎತ್ತಿದ. ನನಗೆ ಕೈ ಎತ್ತೋಕೆ ಆಗಲಿಲ್ಲ.

ಕೋಲಾರದ ಸ್ಟೇಷನ್ನಿನಲ್ಲಿ ಇಳಿದು, ಜಟಕಾ ಹಿಡಿದು ಶಾಲೆ ಮುಟ್ಟಿದಾಗ ಹನ್ನೊಂದು ಹೊಡೆದಿತ್ತು. ಗೇಟಿನ ಒಳಗೆ ಹೊಂಗೆ ಮರದ ಕೆಳಗೆ ಖಾಲಾ ನಿಂತಿದ್ದರು, ಬುರ್ಕಾದ ಮುಸುಕು ಹಿಂದಕ್ಕೆ ತಳ್ಳಿಕೊಂಡು, ನನ್ನ ಗಂಟನ್ನು ಮಗುವಿನ ಹಾಗೆ ಎದೆಗೆ ಹಿಡಿದುಕೊಂಡು. ಏಳೂವರೆಯಿಂದ ಅಲ್ಲೇ ಇದ್ದರಂತೆ. ಬಂದ ಹುಡುಗಿಯರ ಮುಖವನ್ನೆಲ್ಲ ನೋಡಿ ನೋಡಿ, ಹತ್ತು ಗಂಟೆಯಾದಾಗ ಜವಾನನ ಕೈಕಾಲು ಹಿಡಿದು, ಅಲ್ಲಿಂದ ಒಳಗಿನ ಮೇಡಂ ಹತ್ತಿರ ಹೋಗಿ, ಕಾಗದ ತೋರಿಸಿ, "ಇವಳು ಬರ್ತಾಳೆ, ಖಂಡಿತ ಬರ್ತಾಳೆ, ಸ್ವಲ್ಪ ತಡೀರಮ್ಮ" ಅಂತ ಕೇಳಿಕೊಂಡಿದ್ದರು. ಆ ಮೇಡಂ ಅರ್ಧ ಗಂಟೆ ಬಾಗಿಲು ಮುಚ್ಚಿಸಿರಲಿಲ್ಲ. ಹತ್ತೂವರೆಗೆ ಮುಚ್ಚಿಸಿದರು. ಅವರದು ತಪ್ಪು ಅಂತ ನಾನು ಯಾವತ್ತೂ ಅನ್ನೋದಿಲ್ಲ.

ಜವಾನ ನನ್ನನ್ನು ಕಿಟಕಿಯ ಹತ್ತಿರ ಬಿಟ್ಟ. ಸಾಲುಸಾಲು ತಲೆಗಳು ಬಗ್ಗಿ ಬರೆಯುತ್ತಿದ್ದವು. ಮೂರನೇ ಸಾಲಿನಲ್ಲಿ ಒಂದು ಬರೆಯೋ ಮಣೆ ಖಾಲಿ, ಅದರ ಮೇಲೆ ಪ್ರಶ್ನೆಯ ಕಾಗದ ಇತ್ತು, ಗಾಳಿಗೆ ಹಾರದ ಹಾಗೆ ಒಂದು ಕಲ್ಲು ಇಟ್ಟಿದ್ದರು.

ಖಾಲಾ ದೊಡ್ಡಪ್ಪನ ಎದುರು ಬಂದು ನಿಂತರು. ಅಷ್ಟು ವರ್ಷ ಅವರ ಎದುರು ತಲೆ ಎತ್ತಿದವರಲ್ಲ. "ಕ್ಯಾ ಸಾಬ್, ಎತ್ತು ಬಂದ್ವು. ಮಾವಿನಕಾಯಿ ಬಂತು. ಈ ಗಂಟು ಬಂತು. ಹುಡುಗಿ ಒಬ್ಬಳನ್ನ ತರೋಕೆ ಆಗ್ಲಿಲ್ವಾ ನಿಮಗೆ?" ಅಂದರು. ಗಂಟನ್ನು ನನ್ನ ಕೈಗೆ ಕೊಟ್ಟು, ನನ್ನನ್ನು ತಬ್ಬಿಕೊಂಡು ನನಗಿಂತ ಜಾಸ್ತಿ ಅತ್ತರು. ದೊಡ್ಡಪ್ಪ ಆ ಕಡೆ ತಿರುಗಿಕೊಂಡು ಜಟಕಾದವನ ಹತ್ತಿರ ಜಗಳಕ್ಕೆ ನಿಂತಿದ್ದರು, ಕುದುರೆ ನಿಧಾನವಂತೆ.

ಮನೆಗೆ ಬಂದಾಗ ಅಮ್ಮ ನನ್ನ ಮುಖ ನೋಡಿದಳು, ಗಂಟು ನೋಡಿದಳು. ಒಲೆ ಮುಂದೆ ಹೋಗಿ ಕೂತಳು. ನನಗೆ ಕೋಪ ಅನ್ನೋದು ಏನು ಅಂತ ಗೊತ್ತಾದದ್ದು ಆವತ್ತು.

ಶ್ರಾವಣದಲ್ಲಿ ಮದುವೆ ಆಯಿತು. ಗಂಡ ಕೆಟ್ಟವನಲ್ಲ. ಮುಳಬಾಗಿಲಿನ ಆ ಮನೆಯಲ್ಲಿ ಹದಿನಾಲ್ಕು ಎಲೆ ಹಾಕಬೇಕಿತ್ತು, ಎರಡು ಹೊತ್ತೂ. ಒಲೆ ಅತ್ತೆಯದು, ಊದೋ ಉಸಿರು ನನ್ನದು. ಬೀದಿಯಲ್ಲಿ ಶಾಲೆಗೆ ಹೋಗುವ ಹೆಣ್ಣುಮಕ್ಕಳ ಸದ್ದು ಕೇಳಿಸಿದಾಗ ಒಗ್ಗರಣೆಯನ್ನ ಜೋರಾಗಿ ಸಿಡಿಸುತ್ತಿದ್ದೆ.

ದೀಪಾವಳಿಗೆ ತವರಿಗೆ ಬಂದೆ. ಬಂದ ದಿನ ಗುರುವಾರವೇ. ಜಗಲಿಯಲ್ಲಿ ಅದೇ ಮೂವರು, ಅದೇ ಪತ್ರಿಕೆ. ಅಮ್ಮ ಕಾಫಿ ಲೋಟಗಳನ್ನು ತಟ್ಟೆಯಲ್ಲಿ ಇಟ್ಟು ನನ್ನ ಕೈಗೆ ಕೊಟ್ಟಳು. ನಾನು ಹೊರಗೆ ಬರೋ ಹೊತ್ತಿಗೆ ದೊಡ್ಡಪ್ಪ ನನ್ನ ಕಥೆಯನ್ನೇ ಹೇಳುತ್ತಿದ್ದರು.

"ಒಳ್ಳೆ ಗಳಿಗೇಲಿ ಇಟ್ಟ ಪ್ರಸ್ಥಾನ ಸುಳ್ಳಾಗೋದಿಲ್ಲ ಮೇಷ್ಟ್ರೇ. ಕೋಲಾರಕ್ಕೆ ಅಂತ ಇಟ್ಟೆ, ಅದು ಮುಳಬಾಗಿಲಿಗೆ ಒದಗಿತು. ಎಂಥ ಮನೆ ಸಿಕ್ಕಿತು ನೋಡಿ!"

ಮೇಷ್ಟ್ರು ತಲೆ ಆಡಿಸಿದರು. ಸಾಹೇಬರು ಆಡಿಸಲಿಲ್ಲ.

ನಾನು ಒಂದೊಂದೇ ಲೋಟ ಕೊಟ್ಟೆ. ಎಲ್ಲರೂ ಕುಡಿದು ಕೆಳಗಿಟ್ಟ ಮೇಲೆ ಕೇಳಿದೆ. "ದೊಡ್ಡಪ್ಪ, ಲಂಡನ್ನಿನಿಂದ ಕರಾಚಿಗೆ ಎಷ್ಟು ಹೊತ್ತು?"

ಅವರ ಮುಖ ಅರಳಿತು. ಹೆಂಗಸರು ಯಾರೂ ಅದುವರೆಗೆ ಕೇಳಿರಲಿಲ್ಲ. "ಯುದ್ಧಕ್ಕೆ ಮುಂಚೆ ಮೂರು ದಿನ ಚಿಲ್ಲರೆ ಕಣಮ್ಮ."

"ಕರಾಚಿಯಿಂದ ಮದ್ರಾಸಿಗೆ?"

"ಒಂದು ಹಗಲು ಹಾರಿ, ರಾತ್ರಿ ತಂಗಿ, ಮಾರನೇ ದಿನ ಇಳೀತದೆ."

"ಶ್ರೀನಿವಾಸಪುರದಿಂದ ಕೋಲಾರಕ್ಕೆ?"

ಅವರು ಪತ್ರಿಕೆಯ ಹಾಳೆ ತಿರುವಿದರು. ಸಾಹೇಬರು ನೆಲ ನೋಡುತ್ತಿದ್ದರು. ಒಳಗೆ ಅಮ್ಮನ ಬಳೆ ಸದ್ದು ನಿಂತಿತು.

"ನೀವೇ ಗಳಿಗೆ ನೋಡಿ ಬುಧವಾರ ಸಂಜೆ ನನ್ನನ್ನ ಹೊರಡಿಸಿದ್ರಿ ದೊಡ್ಡಪ್ಪ" ಅಂದೆ. "ನಾನು ಇನ್ನೂ ತಲುಪಿಲ್ಲ."

ನಾನು ಖಾಲಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದೆ, ತೊಳೆಯೋದಿತ್ತು.